ಮಾರುವ ಮನೆಗೆ ಖರ್ಚು: ಟೈಲ್ಸಿಗೋ, ಖಾತೆಗೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟು ಹೋದರು. ಮನೆ ಮಾರಿ ನೋಡು ಎಂಬ ಮೂರನೆಯ ಮಾತು ಸೇರಿಸುವುದನ್ನು ಮರೆತರು. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ಮನೆತನ ಮುಳುಗಿದ ಸುದ್ದಿ, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈಗ ಕಾಲ ಬೇರೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಇಲ್ಲಿ ಅಪ್ಪ-ಅಮ್ಮನಿಗೆ ಮಂಡಿನೋವು. ದಾವಣಗೆರೆಯ ನಿಟ್ಟುವಳ್ಳಿ, ವಿನೋಬನಗರ, ಕೆ.ಟಿ.ಜೆ. ನಗರದ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕಿ ಬಂದರೆ ಗೇಟಿಗೆ ಕಟ್ಟಿದ 'ಮನೆ ಮಾರಾಟಕ್ಕಿದೆ' ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ.

ಬೋರ್ಡು ಕಟ್ಟುವ ಮೊದಲು ಒಂದು ಪದ್ಧತಿ ಉಂಟು. ಮೇಸ್ತ್ರಿಯನ್ನು ಕರೆಸುವುದು. ಮೇಸ್ತ್ರಿ ಬಂದು ಮನೆ ತುಂಬ ಕಣ್ಣಾಡಿಸಿ, "ಯಜಮಾನ್ರೇ, ಹಿಂಗೇ ಕೊಟ್ರೆ ಸೈಟಿನ ರೇಟಿಗೆ ಹೋಗ್ತದೆ. ಒಂದು ನಾಕು ಲಕ್ಷ ಹಾಕ್ರಿ, ಹತ್ತು ಲಕ್ಷ ಜಾಸ್ತಿ ಬರ್ತದೆ" ಎನ್ನುತ್ತಾನೆ. ಮೇಸ್ತ್ರಿಯ ಹೊಟ್ಟೆಪಾಡು ಅದು, ಅವನನ್ನು ಬೈದು ಫಲವಿಲ್ಲ. ಆದರೆ ನಾಲ್ಕು ಹಾಕಿದರೆ ಹತ್ತು ಬರುತ್ತದೆಂಬ ಲೆಕ್ಕ ಎಷ್ಟು ನಿಜ? 2024 ಮತ್ತು 2025ರಲ್ಲಿ ಸರ್ಕಾರಗಳು ಮಾಡಿದ ಮೂರು ಬದಲಾವಣೆಗಳ ನಂತರ ಈ ಹಳೆಯ ಲೆಕ್ಕ ಪೂರ್ತಿ ತಲೆಕೆಳಗಾಗಿದೆ. ಮಾರುವವರಲ್ಲಿ ಬಹಳ ಜನಕ್ಕೆ ಇದು ಗೊತ್ತಾಗುವುದು ದುಡ್ಡು ಕೈಬಿಟ್ಟ ಮೇಲೆ.

ಮೇಷ್ಟ್ರ ಮನೆ

ನಿಟ್ಟುವಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಸಂಗತಿಯನ್ನೇ ತೆಗೆದುಕೊಳ್ಳಿ. ಹೆಸರು ಬೇಡ, ಅಂಥವರು ಪ್ರತಿ ಬೀದಿಯಲ್ಲೂ ಒಬ್ಬರಿದ್ದಾರೆ. 30x40 ಸೈಟು, ಅದರಲ್ಲಿ ಅವರ ತಂದೆ ಹತ್ತಿಗಿರಣಿಯಲ್ಲಿ ದುಡಿದು 1978ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ. ತಂದೆ 2009ರಲ್ಲಿ ತೀರಿಕೊಂಡರು, ತಾಯಿಯೂ ಈಗ ಇಲ್ಲ. ಉಯಿಲು ಬರೆದಿರಲಿಲ್ಲ. ಮೇಷ್ಟ್ರಿಗೆ ಇಬ್ಬರು ತಂಗಿಯರು, ಒಬ್ಬಾಕೆ ಹರಿಹರದಲ್ಲಿ, ಇನ್ನೊಬ್ಬಾಕೆ ರಾಣೆಬೆನ್ನೂರಿನಲ್ಲಿ.

2025ರ ಬೇಸಿಗೆಯಲ್ಲಿ ದಲ್ಲಾಳಿ ಬಂದು ಮನೆ ನೋಡಿ 50 ಲಕ್ಷ ಎಂದ. ಮೇಸ್ತ್ರಿ ಬಂದು ನಾಲ್ಕು ಲಕ್ಷ ಹಾಕಿ ಎಂದ. ಮೇಷ್ಟ್ರು ನಿವೃತ್ತಿಯ ಹಣದಲ್ಲಿ ನಾಲ್ಕೂವರೆ ಲಕ್ಷ ತೆಗೆದು ಇಡೀ ಮನೆಗೆ ಟೈಲ್ಸ್, ಹಾಲಿಗೆ ಫಾಲ್ಸ್ ಸೀಲಿಂಗು, ಒಳಗೆ ಹೊರಗೆ ಬಣ್ಣ ಮಾಡಿಸಿದರು. ಹಳೆಯ ಕೆಂಪು ಗಾರೆಯ ನೆಲ ಟೈಲ್ಸಿನ ಕೆಳಗೆ ಹೋಯಿತು. ಮನೆ ಮದುವೆ ಹೆಣ್ಣಿನಂತೆ ಕಂಡಿತು. ಜೂನ್‌ನಲ್ಲಿ ಒಂದು ಗಿರಾಕಿಯೂ ಬಂತು. ಗಂಡ ಹೆಂಡತಿ ಇಬ್ಬರೂ ನೌಕರರು. ನೋಡಿದರು, ಒಪ್ಪಿದರು, ಬ್ಯಾಂಕಿಗೆ ಅರ್ಜಿ ಹಾಕಿದರು.

ಬ್ಯಾಂಕಿನ ವಕೀಲರು ಸೀಲಿಂಗು ನೋಡಲಿಲ್ಲ, ಟೈಲ್ಸ್ ನೋಡಲಿಲ್ಲ. ಕಡತ ಬಿಡಿಸಿ ಒಂದೇ ಪ್ರಶ್ನೆ ಕೇಳಿದರು: "ಇ-ಖಾತೆ ಎಲ್ಲಿ? ಈ ಖಾತೆಯಲ್ಲಿರೋರು ತೀರಿಕೊಂಡು 16 ವರ್ಷ ಆಯ್ತಲ್ಲ?"

ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ನೋಡೋಣ. ಮೊದಲು ಲೆಕ್ಕ.

ಒಡೆಯುವವನೋ, ಇರುವವನೋ?

ಮಾರುವ ಮನೆಗೆ ಒಂದು ರೂಪಾಯಿ ಹಾಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕೊಳ್ಳುವವನು ಈ ಮನೆಯಲ್ಲಿ ಇರುತ್ತಾನೋ, ಒಡೆದು ಹೊಸದು ಕಟ್ಟುತ್ತಾನೋ?

ಮಂಡಿಪೇಟೆ, ಚೌಕಿಪೇಟೆಯಂಥ ಹಳೆಯ ಪೇಟೆಗಳಲ್ಲಿ ಮಣ್ಣಿನ ಗೋಡೆಯ ಮನೆ, ಮಾಳಿಗೆ ಮನೆ, ಮಂಗಳೂರು ಹೆಂಚಿನ ಮನೆಗೆ ಬರುವ ಗಿರಾಕಿ ಹೆಚ್ಚಾಗಿ ವ್ಯಾಪಾರಸ್ಥ. ಅವನಿಗೆ ಬೇಕಾದದ್ದು ಜಾಗ. ಕೆಳಗೆ ಅಂಗಡಿ, ಮೇಲೆ ಗೋದಾಮು ಎಂದು ಅವನ ತಲೆಯಲ್ಲಿ ನಕ್ಷೆ ಸಿದ್ಧವಾಗಿಯೇ ಇರುತ್ತದೆ. ಅಂಥ ಮನೆಗೆ ಬಣ್ಣ ಬಳಿಯುವುದೆಂದರೆ ನಾಳೆ ಜೆಸಿಬಿ ಬಾಯಿಗೆ ಹೋಗುವ ಗೋಡೆಗೆ ಇವತ್ತು ಅರಿಶಿನ ಹಚ್ಚಿದಂತೆ. ಅಲ್ಲಿ ಖರ್ಚು ಮಾಡಬೇಕಾದದ್ದು ಸೈಟಿನ ಅಳತೆಗೆ, ಚಕ್ಕುಬಂದಿ ಸರಿಪಡಿಸುವುದಕ್ಕೆ. ಪತ್ರದಲ್ಲಿ 28 ಅಡಿ, ನೆಲದ ಮೇಲೆ 26 ಅಡಿ ಇದ್ದರೆ ಆ ಎರಡು ಅಡಿಯ ಜಗಳ ಎಲ್ಲ ಬಣ್ಣವನ್ನೂ ನುಂಗಿ ನೀರು ಕುಡಿಯುತ್ತದೆ.

ಹೊಸ ಬಡಾವಣೆಗಳಲ್ಲಿ, ಇಪ್ಪತ್ತು-ಮೂವತ್ತು ವರ್ಷದೊಳಗಿನ ಮನೆಗೆ ಬರುವವರು ಬಹುಪಾಲು ಇರುವವರು. ಇವರಿಗೆ ಮನೆಯ ಸ್ಥಿತಿ ಮುಖ್ಯ. ಹಾಗೆಂದು ಏನೇ ಮಾಡಿಸಿದರೂ ದುಡ್ಡು ಕೊಡುತ್ತಾರೆಂದು ತಿಳಿಯಬಾರದು. ಅವರ ಜೇಬಿನ ಕಥೆಯೇ ಬೇರೆ.

ಕೊಳ್ಳುವವನ ಜೇಬು

50 ಲಕ್ಷದ ಮನೆ ಎಂದಿಟ್ಟುಕೊಳ್ಳಿ. ನಗರದೊಳಗೆ ಮುದ್ರಾಂಕ ಶುಲ್ಕ ಶೇಕಡಾ 5, ಅಂದರೆ ಎರಡೂವರೆ ಲಕ್ಷ. ಆ ಶುಲ್ಕದ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 30,000. ನೋಂದಣಿ ಶುಲ್ಕ ಮೊದಲು ಶೇಕಡಾ 1 ಇತ್ತು. 2025ರ ಆಗಸ್ಟ್ 31ರಿಂದ ರಾಜ್ಯ ಸರ್ಕಾರ ಅದನ್ನು ಶೇಕಡಾ 2 ಮಾಡಿತು. ಅದು 1 ಲಕ್ಷ. ಒಟ್ಟು 3 ಲಕ್ಷ 80 ಸಾವಿರ. ಮನೆಯ ಒಂದು ಇಟ್ಟಿಗೆಯೂ ಇದರಲ್ಲಿ ಬರುವುದಿಲ್ಲ.

ಈಗ ಬ್ಯಾಂಕು. ಇಷ್ಟು ಬೆಲೆಯ ಮನೆಗೆ ಬ್ಯಾಂಕು ಸಾಮಾನ್ಯವಾಗಿ ಕೊಡುವುದು ಹೆಚ್ಚೆಂದರೆ ಶೇಕಡಾ 80. ಅಂದರೆ 40 ಲಕ್ಷ. ನೋಂದಣಿಯ ಖರ್ಚನ್ನು ಸಾಲದ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಾಗಾಗಿ ಕೊಳ್ಳುವವನು ಕೈಯಿಂದ ತರಬೇಕಾದದ್ದು 10 ಲಕ್ಷ ಮತ್ತು ಮೇಲಿನ 3.80 ಲಕ್ಷ, ಕೂಡಿ 13.80 ಲಕ್ಷ. ಇದು ಮಾವನ ಮನೆಯಿಂದ, ಹೆಂಡತಿಯ ಒಡವೆಯಿಂದ, ಊರಿನ ಎರಡೆಕರೆಯಿಂದ ಹೊಂದಿಸಿದ ದುಡ್ಡು.

ಇನ್ನು ಆ ಶೇಕಡಾ 80 ಯಾವುದರ ಮೇಲೆ? ಮಾರುವವನು ಹೇಳಿದ ಬೆಲೆಯ ಮೇಲಲ್ಲ. ಬ್ಯಾಂಕು ತನ್ನ ಮೌಲ್ಯಮಾಪಕನನ್ನು ಕಳಿಸುತ್ತದೆ. ಆತ ಟೇಪು ಹಿಡಿದು ಸೈಟು ಅಳೆಯುತ್ತಾನೆ, ಅಕ್ಕಪಕ್ಕದ ದರ ವಿಚಾರಿಸುತ್ತಾನೆ. ಕಟ್ಟಡದ ಚದರ ಅಡಿ ಎಷ್ಟು, ವಯಸ್ಸೆಷ್ಟು ನೋಡಿ, ಸವಕಳಿ ಕಳೆದು ಬೆಲೆ ಕಟ್ಟುತ್ತಾನೆ. 45 ವರ್ಷದ ಕಟ್ಟಡಕ್ಕೆ ನಿನ್ನೆ ಟೈಲ್ಸ್ ಹಾಕಿದರೂ ಅದು 45 ವರ್ಷದ ಕಟ್ಟಡವೇ. ಸಾಲದ ಅವಧಿ ಮುಗಿಯುವ ತನಕ ಕಟ್ಟಡ ನಿಲ್ಲುತ್ತದೆಯೇ ಎಂದು ನೋಡುತ್ತಾನೆ, ಹಾಲಿನ ಸೀಲಿಂಗಿನಲ್ಲಿ ಎಷ್ಟು ದೀಪ ಇವೆ ಎಂದು ಎಣಿಸುವುದಿಲ್ಲ.

ಇಲ್ಲೇ ಇದೆ ನೋಡಿ ಗುಟ್ಟು. ಮಾರುವವನು "ಮೂರು ಲಕ್ಷ ಖರ್ಚು ಮಾಡೀನಿ, 53 ಕೊಡಿ" ಎಂದರೆ, ಆ ಮೂರು ಲಕ್ಷಕ್ಕೆ ಬ್ಯಾಂಕು ಚಿಕ್ಕಾಸೂ ಕೊಡದೆ ಇರಬಹುದು. ಅಷ್ಟನ್ನೂ ಕೊಳ್ಳುವವನು ಕೈಯಿಂದಲೇ ಹಾಕಬೇಕು. ಮೊದಲೇ 13.80 ಲಕ್ಷಕ್ಕೆ ಹಣ್ಣಾದವನು ಇನ್ನೂ ಮೂರು ಎಲ್ಲಿಂದ ತರುತ್ತಾನೆ? ಬೆಲೆ ಬಂದು ನಿಲ್ಲುವುದು ಮತ್ತೆ 50ಕ್ಕೇ. ಗಿರಾಕಿ ಜಿಪುಣ ಎಂದು ಮಾರುವವನು ಗೊಣಗುತ್ತಾನೆ. ಜಿಪುಣತನದ ಮಾತೇ ಇಲ್ಲ, ಅವನ ಕೈ ಅಲ್ಲಿಗೇ ನಿಂತಿದೆ.

ಕಾಗದವೇ ಮೊದಲ ರಿಪೇರಿ

ಹಾಗಾದರೆ ದುಡ್ಡು, ಸಮಯ ಯಾವುದಕ್ಕೆ ಹಾಕಬೇಕು? ಮೊದಲನೆಯದು ಗೋಡೆಯ ಮೇಲೆ ಕಾಣುವುದಿಲ್ಲ, ಬೀರುವಿನೊಳಗೆ ಇರುತ್ತದೆ.

2024ರ ಅಕ್ಟೋಬರ್‌ನಿಂದ ರಾಜ್ಯದ ನಗರ, ಪಟ್ಟಣಗಳಲ್ಲೂ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ನಡೆಯದಂತಾಯಿತು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ಎಂಬ ಹೆಸರಲ್ಲಿ ಇದು ಮೊದಲೇ ಇತ್ತು. ಹಿಂದೆ ಕೈಬರಹದ ಖಾತೆ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಂಜೆಗೆ ಪತ್ರ ಹಿಡಿದು ಬರುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಖಾತೆ ಕಾಣದಿದ್ದರೆ ಅರ್ಜಿಯೇ ಮುಂದಕ್ಕೆ ಹೋಗುವುದಿಲ್ಲ. ಕ್ರಯಪತ್ರ, ತೆರಿಗೆ ರಸೀದಿ, ಋಣಭಾರ ಪತ್ರ ಅಂದರೆ ಎಲ್ಲರ ಬಾಯಲ್ಲಿರುವ ಇಸಿ, ಮಾಲೀಕರ ಆಧಾರ್, ಮನೆಯ ಫೋಟೋ ಕೊಟ್ಟು ಇದನ್ನು ಮಾಡಿಸಿಕೊಳ್ಳಬೇಕು. ಹೆಸರಲ್ಲಿ ಒಂದಕ್ಷರ ಆಚೀಚೆಯಾಗಿದ್ದರೂ, ಅಳತೆ ತಾಳೆಯಾಗದಿದ್ದರೂ ಓಡಾಟ. ಗಿರಾಕಿ ಬಂದ ಮೇಲೆ ಈ ಓಡಾಟ ಶುರು ಮಾಡಿದರೆ ಗಿರಾಕಿ ಉಳಿಯುವುದಿಲ್ಲ. ಬ್ಯಾಂಕಿನ ಸಾಲ ಮಂಜೂರಾತಿಗೂ ಒಂದು ಗಡುವು ಇರುತ್ತದೆ.

ಅನುಮೋದನೆಯಿಲ್ಲದ ಬಡಾವಣೆಯ ಮನೆಗಳ ಗತಿ ಇನ್ನೂ ಕಷ್ಟ. ಇವನ್ನು ಲೆಕ್ಕಕ್ಕೆ ತರಲು ಸರ್ಕಾರ 2025ರ ಫೆಬ್ರವರಿಯಲ್ಲಿ ಬಿ ಖಾತೆ ಕೊಡುವ ಅಭಿಯಾನ ಶುರು ಮಾಡಿತು. ಬಿ ಖಾತೆಯ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಸಾಲ ಸಿಗದ ಮನೆಗೆ ರೊಕ್ಕ ಕೊಡುವ ಗಿರಾಕಿಯೇ ಬರಬೇಕು, ಅವನು ಕೇಳುವುದು ಕಡಿಮೆ ಬೆಲೆ. ಅಲ್ಲಿ ಗ್ರಾನೈಟ್ ಹಾಕಿ ಏನು ಪ್ರಯೋಜನ?

ಎರಡನೆಯದು, ಸಹಿ. ಹಿಂದೂ ಕುಟುಂಬದಲ್ಲಿ ತಂದೆ ಸ್ವಂತ ದುಡಿಮೆಯಿಂದ ಮಾಡಿದ ಮನೆ, ಉಯಿಲು ಇಲ್ಲದಿದ್ದರೆ, ಅವರ ನಂತರ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ತಂದೆಯ ತಾಯಿ ಬದುಕಿದ್ದರೆ ಆಕೆಗೂ ಸಮಪಾಲು. 1956ರ ಕಾಯ್ದೆಯಿಂದಲೇ ಇದು ಹೀಗಿದೆ. ಪಿತ್ರಾರ್ಜಿತ ಆಸ್ತಿಯಲ್ಲೂ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಖಚಿತಪಡಿಸಿತು. ಆದರೂ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ, "ತಂಗಿಗೆ ಮದುವೆ ಮಾಡಿಕೊಟ್ಟಾಯ್ತಲ್ಲ, ಇನ್ನೇನು" ಎಂಬ ಮಾತು ನಡೆದೇ ಇದೆ. ಆ ಮಾತು ಜಗಲಿಯ ಮೇಲೆ ನಡೆಯುತ್ತದೆ, ಬ್ಯಾಂಕಿನ ವಕೀಲರ ಮುಂದೆ ನಡೆಯುವುದಿಲ್ಲ.

ಮೂರನೆಯದು, ಹಳೆಯ ಸಾಲ. ಮನೆ ಕಟ್ಟುವಾಗ ತೆಗೆದ ಸಾಲ ತೀರಿ ವರ್ಷಗಳಾಗಿದ್ದರೂ ಇಸಿಯಲ್ಲಿ ಅಡಮಾನ ಹಾಗೇ ಕೂತಿರುತ್ತದೆ. ಅದನ್ನು ಬಿಡುಗಡೆ ಪತ್ರ ಮಾಡಿಸಿ ತೆಗೆಸಬೇಕು. 2023ರ ಡಿಸೆಂಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ಆದೇಶದ ಪ್ರಕಾರ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂದಿರುಗಿಸಬೇಕು, ತನ್ನ ಹಕ್ಕು ತೆಗೆಸಬೇಕು. ತನ್ನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದನ್ನು ಬಾಯಲ್ಲಿ ಹೇಳಿದರೇ ಸಾಕು, ಎಷ್ಟೋ ಕಡತ ಕಪಾಟಿನಿಂದ ಕೆಳಗಿಳಿಯುತ್ತವೆ.

ಇವುಗಳಿಗೆ ಆಗುವ ಖರ್ಚು ಟೈಲ್ಸಿನ ಖರ್ಚಿನ ಮುಂದೆ ಏನೂ ಅಲ್ಲ. ಆದರೆ ತಿಂಗಳುಗಟ್ಟಲೆ ಸಮಯ ಹಿಡಿಯುತ್ತದೆ. ಅದಕ್ಕೇ ಇದು ಮೊದಲು.

ಸೋರುವುದು, ಕಟ್ಟಿಕೊಳ್ಳುವುದು, ಸುಡುವುದು

ಕಾಗದ ಆದ ಮೇಲೆ ಮನೆ. ಇರುವ ಗಿರಾಕಿ ಮನೆಗೆ ಬಂದಾಗ ಅವನ ಕಣ್ಣು ಹುಡುಕುವುದು ಚೆಂದವನ್ನಲ್ಲ, ಭಯವನ್ನು. ಆ ಭಯ ಹುಟ್ಟಿಸುವ ಜಾಗ ಮೂರು.

ಒಂದು, ತಾರಸಿ. ಸೋರುವ ತಾರಸಿಗೆ ಕಾರಣ ಬಹಳ ಸಲ ಸಣ್ಣದೇ ಇರುತ್ತದೆ. ಮಳೆನೀರು ಹೋಗುವ ಕೊಳವೆಯ ಬಾಯಿಗೆ ಎಲೆ, ಕಸ ಕಟ್ಟಿರುವುದು. ಇಳಿಜಾರು ತಪ್ಪಿ ನೀರು ನಿಲ್ಲುವುದು. ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಜಾಗದಲ್ಲಿ ಬಿರುಕು. ಮೇಲಿನ ನೀರಿನ ಟ್ಯಾಂಕು ಒಸರುವುದು. ಇವನ್ನು ಸಣ್ಣದಿದ್ದಾಗಲೇ ಸರಿ ಮಾಡಿದರೆ ಅಲ್ಲಿಗೆ ಮುಗಿಯಿತು. ಬಿಟ್ಟರೆ ಸ್ಲ್ಯಾಬಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಹಾಲಿನ ಸ್ಲ್ಯಾಬಿನಲ್ಲಿ ಕಬ್ಬಿಣ ಕಂಡ ಗಿರಾಕಿ ಮತ್ತೆ ಆ ಬೀದಿಗೇ ಕಾಲಿಡುವುದಿಲ್ಲ. ಇದ್ದರೂ ರಿಪೇರಿಗೆ ಒಂದು ಲಕ್ಷ ಬೇಕಾದಲ್ಲಿ ಮೂರು ಲಕ್ಷ ಮುರಿದು ಕೇಳುತ್ತಾನೆ. ಗೊತ್ತಿಲ್ಲದ ಖರ್ಚು ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ. ಹಾಗಾಗಿ ಇಲ್ಲಿ ಹಾಕಿದ ಒಂದು ರೂಪಾಯಿ ಚೌಕಾಸಿಯಲ್ಲಿ ಎರಡು, ಮೂರು ರೂಪಾಯಿ ಉಳಿಸಬಲ್ಲದು.

ಎರಡು, ನೀರು ಮತ್ತು ಪಾಯಿಖಾನೆ. ಬೇಸಿಗೆಯ ದಾವಣಗೆರೆಯಲ್ಲಿ ಮನೆ ನೋಡಲು ಬಂದ ಹೆಂಗಸರು ಮೊದಲು ಕೇಳುವುದು, "ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರ್ತದ್ರೀ? ಸಂಪು ಎಷ್ಟು ದೊಡ್ಡದು?" ಸಂಪು ತೊಳೆಸಿ, ಒಸರುವ ನಲ್ಲಿ ಬದಲಿಸಿ, ಮೋಟಾರು ಓಡುವಂತೆ ಇಟ್ಟರೆ ಅರ್ಧ ವ್ಯಾಪಾರ ಆದಂತೆ. ಒಳಚರಂಡಿ ಕಟ್ಟಿಕೊಂಡಿದ್ದರೆ ಬಿಡಿಸಬೇಕು. ಬಚ್ಚಲ ವಾಸನೆ ಹೊಡೆಯುವ ಮನೆಗೆ ಮಾಡ್ಯುಲರ್ ಕಿಚನ್ ಹಾಕಿದರೆ, ಸ್ನಾನ ಮಾಡದೆ ಸೆಂಟು ಹೊಡೆದುಕೊಂಡ ಹಾಗೆ.

ಮೂರು, ಕರೆಂಟು. ಮರದ ಬೋರ್ಡು, ಹಳೆಯ ಫ್ಯೂಸು, ಸುಟ್ಟ ವಾಸನೆ ಬರುವ ಪ್ಲಗ್ಗು ಇರುವ ಮನೆಯಲ್ಲಿ ಫ್ರಿಜ್ಜು, ಗೀಸರು, ಮಿಕ್ಸಿ ಎಲ್ಲ ಇಡುವವರಿಗೆ ಭಯ ಸಹಜ. ಇಡೀ ಮನೆಯ ವೈರಿಂಗು ಒಡೆಯಬೇಕಿಲ್ಲ. ನುರಿತ ವೈರ್‌ಮನ್ ಕರೆಸಿ ಅರ್ತಿಂಗು ನೋಡಿಸಿ, ಹೊಸ ಎಂಸಿಬಿ ಪೆಟ್ಟಿಗೆ ಹಾಕಿಸಿ, ಕೆಟ್ಟ ಪಾಯಿಂಟುಗಳನ್ನು ಬದಲಿಸಿದರೆ ಬಹುಪಾಲು ಮನೆಗಳಿಗೆ ಅಷ್ಟು ಸಾಕು.

ಈ ಮೂರೂ ಆದ ಮೇಲೆ, ಕೊನೆಗೆ, ಒಂದು ಕೈ ಬಿಳಿ ಬಣ್ಣ ಅಥವಾ ತಿಳಿ ಬಣ್ಣ. ಕೀರಲು ಬಾಗಿಲಿಗೆ ಎಣ್ಣೆ, ಒಡೆದ ಗಾಜು ಬದಲು, ಅಂಗಳದ ಕಸ ಖಾಲಿ. ಮನೆ ತುಂಬ ಪೇರಿಸಿಟ್ಟ ಹಳೆಯ ಟ್ರಂಕು, ಮುರಿದ ಮಂಚ ಗುಜರಿಗೆ ಕೊಟ್ಟರೆ ಕೋಣೆ ತಾನೇ ದೊಡ್ಡದಾಗಿ ಕಾಣುತ್ತದೆ, ಗುಜರಿಯವನು ಕೊಡುವ ಕಾಸೂ ಕೈಸೇರುತ್ತದೆ. ಬಣ್ಣ ಕೊನೆಗೇ ಯಾಕೆಂದರೆ, ಒದ್ದೆ ಗೋಡೆಗೆ ಹಚ್ಚಿದ ಬಣ್ಣ ಕೆಲವೇ ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ.

ದುಡ್ಡು ನುಂಗುವ ಕೆಲಸಗಳು

ಮಾಡಿಸಬಾರದ್ದು ಯಾವುದು ಎಂಬುದನ್ನೂ ಹೇಳಬೇಕು. ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗು, ಹಾಲಿನ ಗೋಡೆಗೆ ಬಣ್ಣಬಣ್ಣದ ಕಾಗದ, ಚೆನ್ನಾಗಿರುವ ಮೊಸಾಯಿಕ್ ನೆಲದ ಮೇಲೆ ಮತ್ತೆ ಟೈಲ್ಸು. ಇವೆಲ್ಲ ರುಚಿಯ ಸಂಗತಿ. ಮಾರುವವನ ರುಚಿ ಕೊಳ್ಳುವವನಿಗೆ ಹಿಡಿಸಬೇಕೆಂದಿಲ್ಲ. ಹಿಡಿಸದಿದ್ದರೆ ಕಿತ್ತುಹಾಕುವ ಕೂಲಿಯನ್ನೂ ಬೆಲೆಯಲ್ಲಿ ಮುರಿಯುತ್ತಾನೆ.

ಮೇಲೊಂದು ರೂಮು ಎಬ್ಬಿಸಿ ಮಾರುವ ಯೋಚನೆ ಅದಕ್ಕಿಂತ ಅಪಾಯ. ಪರವಾನಗಿ ಇಲ್ಲದೆ ಕಟ್ಟಿದ ರೂಮು ಮಂಜೂರಾದ ನಕ್ಷೆಯಲ್ಲಿ ಇರುವುದಿಲ್ಲ, ನಕ್ಷೆಯಲ್ಲಿ ಇಲ್ಲದ್ದಕ್ಕೆ ಬ್ಯಾಂಕು ಬೆಲೆ ಕಟ್ಟುವುದಿಲ್ಲ. ಮುಂದೆ ಅಕ್ರಮ-ಸಕ್ರಮ ಆಗುತ್ತದೆ ಬಿಡಿ ಎನ್ನುವವರು ನೆನಪಿಡಲಿ, ಆ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ತಡೆ ಕೊಟ್ಟಿತು.

ಇನ್ನು ವಾಸ್ತು. ಗಿರಾಕಿ ವಾಸ್ತು ಕೇಳುತ್ತಾನೆ ಎಂಬುದು ನಿಜ. ಹಾಗೆಂದು ಇನ್ನೂ ಬಾರದ ಗಿರಾಕಿಗಾಗಿ ಬಾಗಿಲು ಒಡೆದು ಈಶಾನ್ಯಕ್ಕೆ ಇಟ್ಟರೆ, ಬಂದ ಗಿರಾಕಿಯ ಪಂಡಿತರು ಪೂರ್ವಕ್ಕೇ ಬೇಕಿತ್ತು ಎನ್ನುತ್ತಾರೆ. ಪ್ರತಿ ಪಂಡಿತರಿಗೂ ಒಂದೊಂದು ದಿಕ್ಕು. ಅದನ್ನು ಕೊಳ್ಳುವವನ ಖರ್ಚಿಗೇ ಬಿಡುವುದು ಜಾಣತನ.

"ಖರ್ಚು ಮಾಡಿದರೆ ತೆರಿಗೆ ಉಳೀತದಲ್ಲ?" ಎಂದು ಕೆಲವರ ವಾದ. ಇದರಲ್ಲಿ ಕಾಲು ಭಾಗ ನಿಜ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆ ಮಾರಿದರೆ ಬರುವ ಲಾಭಕ್ಕೆ 2024ರ ಜುಲೈ 23ರಿಂದ ತೆರಿಗೆ ಶೇಕಡಾ 12.5. ಬೆಲೆಯೇರಿಕೆ ಸೂಚ್ಯಂಕದ ವಿನಾಯಿತಿ ಅದರಲ್ಲಿ ಇಲ್ಲ. ಆ ದಿನಕ್ಕೆ ಮೊದಲೇ ಕೊಂಡವರು ಬೇಕಾದರೆ ಹಳೆಯ ರೀತಿ, ಸೂಚ್ಯಂಕ ಹಚ್ಚಿ ಶೇಕಡಾ 20 ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯದನ್ನು ಕಟ್ಟಬಹುದು. 2001ರ ಏಪ್ರಿಲ್ 1ಕ್ಕಿಂತ ಹಳೆಯ ಮನೆಗೆ ಆ ದಿನದ ಬೆಲೆಯನ್ನೇ ಮೂಲಬೆಲೆ ಎಂದು ಹಿಡಿಯಬಹುದು. ಕಟ್ಟಡಕ್ಕೆ ಮಾಡಿದ ಕಾಯಂ ಸುಧಾರಣೆಯ ಖರ್ಚನ್ನು ಬಿಲ್ ಇದ್ದರೆ ಕಳೆಯಬಹುದು. ಸುಣ್ಣ-ಬಣ್ಣ, ಸಣ್ಣಪುಟ್ಟ ರಿಪೇರಿ ಅದರಲ್ಲಿ ಬರುವುದಿಲ್ಲ. ಬಂದರೂ ಎಷ್ಟು? ಮೂರು ಲಕ್ಷ ಖರ್ಚು ತೋರಿಸಿದರೆ ಶೇಕಡಾ 12.5ರಂತೆ ಉಳಿಯುವುದು 37,500. ಮೂರು ಲಕ್ಷ ಕಳೆದು ಮೂವತ್ತೇಳೂವರೆ ಸಾವಿರ ಉಳಿಸುವುದಕ್ಕೆ ಉಳಿತಾಯ ಎಂದು ಯಾವ ಕಿರಾಣಿ ಅಂಗಡಿಯವನೂ ಹೇಳಲಾರ. ಲಾಭವನ್ನು ಗಡುವಿನೊಳಗೆ ಇನ್ನೊಂದು ಮನೆಗೆ ಹಾಕುವವರಿಗೆ ಆ ಮಟ್ಟಿಗೆ ತೆರಿಗೆಯೇ ಇಲ್ಲ, ಅವರಿಗಂತೂ ಈ ವಾದವೂ ಬಾಕಿ ಉಳಿಯುವುದಿಲ್ಲ.

ಮುಚ್ಚಿಡುವ ಬಣ್ಣ

ಬಣ್ಣದಲ್ಲಿ ಇನ್ನೊಂದು ಬಗೆ ಇದೆ. ಚೆಂದಕ್ಕಲ್ಲ, ಮುಚ್ಚಿಡಲಿಕ್ಕೆ. ಸೋರುವ ಜಾಗಕ್ಕೆ ಪುಟ್ಟಿ ಮೆತ್ತಿ, ಬಿರುಕಿನ ಮೇಲೆ ವಾಲ್‌ಪೇಪರು ಅಂಟಿಸಿ, ಮಳೆಗಾಲಕ್ಕೆ ಮೊದಲೇ ಮಾರಿ ಕೈತೊಳೆದುಕೊಳ್ಳುವ ಉಪಾಯ. ದಲ್ಲಾಳಿಗಳಲ್ಲಿ ಕೆಲವರು ಇದನ್ನು ಕಲೆ ಎಂದು ತಿಳಿದಿದ್ದಾರೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಬೇರೆಯೇ ಹೇಳುತ್ತದೆ. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷ ಮನೆಯಲ್ಲಾಗಲಿ, ಹಕ್ಕಿನಲ್ಲಾಗಲಿ ಇದ್ದು, ಅದು ಮಾರುವವನಿಗೆ ಗೊತ್ತಿದ್ದರೆ, ಆತ ಬಾಯಿಬಿಟ್ಟು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆಯ ಲೆಕ್ಕ. ಊರಿನಲ್ಲಿ ಇನ್ನೂ ಮುಖ ತೋರಿಸಬೇಕಾದವರಿಗೆ ಕಾಯ್ದೆಯ ಮಾತೂ ಬೇಕಿಲ್ಲ. ತಾರಸಿ ರಿಪೇರಿ ಮಾಡಿಸಿದ ರಸೀದಿ ತೋರಿಸಿ, "ಇಲ್ಲಿ ಸೋರ್ತಿತ್ತು, ಮಾಡಿಸೀವಿ, ಒಂದು ಮಳೆಗಾಲ ಕಳೆದದೆ, ತೊಂದರೆಯಿಲ್ಲ" ಎಂದು ಹೇಳುವ ಮನೆಯವನ ಮಾತಿಗೆ ಸಿಗುವ ಬೆಲೆ ಯಾವ ಎಮಲ್ಷನ್ ಬಣ್ಣಕ್ಕೂ ಸಿಗದು.

ಮತ್ತೆ ಮೇಷ್ಟ್ರ ಮನೆಗೆ

ನಿಟ್ಟುವಳ್ಳಿಯ ಮೇಷ್ಟ್ರು ಇ-ಖಾತೆಗೆ ಓಡಾಡತೊಡಗಿದರು. ಮರಣ ಪ್ರಮಾಣಪತ್ರ ಸಿಕ್ಕಿತು, ವಂಶವೃಕ್ಷ ಮಾಡಿಸಬೇಕಾಯಿತು. ಅದರಲ್ಲಿ ಇಬ್ಬರು ತಂಗಿಯರ ಹೆಸರು ಬಂತು. ಜುಲೈ ಮಳೆ ಹಿಡಿಯಿತು. ಹೊಸ ಸೀಲಿಂಗಿನ ಮೂಲೆಯಲ್ಲಿ ಚಹಾ ಚೆಲ್ಲಿದಂಥ ಕಲೆ ಮೂಡಿತು. ತಾರಸಿ ಮೊದಲೇ ಸೋರುತ್ತಿತ್ತು, ಸೀಲಿಂಗು ಅದನ್ನು ಮರೆಮಾಡಿತ್ತು ಅಷ್ಟೆ. ಆಗಸ್ಟ್‌ನಲ್ಲಿ ಗಿರಾಕಿ ದಂಪತಿ, "ಸರ, ಇನ್ನು ಕಾಯೋಕಾಗಲ್ಲ" ಎಂದು ಬೇರೆ ಮನೆ ನೋಡಿಕೊಂಡರು. ತಿಂಗಳ ಕೊನೆಗೆ ನೋಂದಣಿ ಶುಲ್ಕ ಏರಿತು. ಮುಂದಿನ ಗಿರಾಕಿಗೆ ಅದೇ ಮನೆ 50,000 ರೂಪಾಯಿ ತುಟ್ಟಿಯಾಯಿತು.

ಸಹಿಗೆಂದು ತಂಗಿಯರು ಬಂದರು. ಮೇಷ್ಟ್ರು ಲೆಕ್ಕದ ಚೀಟಿ ಮುಂದಿಟ್ಟರು: ನಾಲ್ಕೂವರೆ ಲಕ್ಷ ಮನೆಗೆ ಹಾಕಿದ್ದೇನೆ, ಅದನ್ನು ಮೊದಲು ಮುರಿದುಕೊಂಡು ಉಳಿದದ್ದು ಮೂರು ಪಾಲು. ಹರಿಹರದ ತಂಗಿ ಚೀಟಿ ಓದಿ ಮಡಿಸಿಟ್ಟರು. "ಅಣ್ಣಾ, ಅಪ್ಪ ಹಾಕ್ಸಿದ ಕೆಂಪು ನೆಲ ಚೆನ್ನಾಗೇ ಇತ್ತಲ್ಲ. ಟೈಲ್ಸ್ ಹಾಕ್ಸೋವಾಗ ನನ್ನ ಒಂದು ಮಾತು ಕೇಳಿದ್ಯಾ? ಕೇಳದೆ ಮಾಡ್ಸಿದ್ದಕ್ಕೆ ನನ್ನ ಪಾಲಲ್ಲಿ ಯಾಕೆ ಮುರೀಬೇಕು?"

ಮೇಷ್ಟ್ರ ಬಳಿ ಉತ್ತರ ಇರಲಿಲ್ಲ. ಎರಡು ವಾರ ಫೋನು ಬಂದ್ ಆಯಿತು. ಕೊನೆಗೆ ರಾಣೆಬೆನ್ನೂರಿನ ತಂಗಿಯ ಯಜಮಾನರು ನಡುವೆ ಬಂದು ದಾರಿ ತೋರಿಸಿದರು. ತಾರಸಿ ರಿಪೇರಿ, ಖಾತೆ, ವಕೀಲರ ಖರ್ಚು ಎಲ್ಲರಿಗೂ ಬೇಕಾದದ್ದು, ಅದು ಮೂವರ ಮೇಲೂ ಸಮ. ಟೈಲ್ಸು, ಸೀಲಿಂಗು, ಬಣ್ಣ ಅಣ್ಣನ ಆಸೆ, ಅದು ಅಣ್ಣನದೇ. ಸೀಲಿಂಗು ಕೆಳಗಿಳಿಯಿತು, ತಾರಸಿ ರಿಪೇರಿಯಾಯಿತು, ಇ-ಖಾತೆ ಬಂತು. ಮೂವರೂ ಒಟ್ಟಿಗೆ ಸಹಿ ಹಾಕಿದರು. ಎರಡನೇ ಗಿರಾಕಿಗೆ ಮನೆ 51 ಲಕ್ಷಕ್ಕೆ ಹೋಯಿತು. ಬೆಲೆ 50 ಲಕ್ಷ ಮುಟ್ಟಿದ್ದರಿಂದ ಕೊಂಡವರು ಶೇಕಡಾ 1 ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಿದರು. ಅದನ್ನು ಮೂವರೂ ತಮ್ಮ ತಮ್ಮ ರಿಟರ್ನಿನಲ್ಲಿ ತೋರಿಸಿಕೊಳ್ಳಬೇಕು.

ದಲ್ಲಾಳಿ ಮೊದಲ ದಿನ ಹೇಳಿದ್ದು 50. ಬಂದದ್ದು 51. ನಾಲ್ಕೂವರೆ ಲಕ್ಷ ಖರ್ಚಿಗೆ ಹೆಚ್ಚು ಬಂದದ್ದು ಒಂದು ಲಕ್ಷ. ಅದರಲ್ಲೂ ಮೇಷ್ಟ್ರ ಪಾಲು ಮೂರರಲ್ಲಿ ಒಂದು, 33,333 ರೂಪಾಯಿ.

ಪಾಠ ಮೇಷ್ಟ್ರೊಬ್ಬರದಲ್ಲ. ಮನೆ ಮಾರಲು ಹೊರಟವರು ಮೇಸ್ತ್ರಿಯನ್ನು ಕರೆಸುವುದಕ್ಕೆ ಮೊದಲು ಬೀರು ತೆಗೆದು ಕಾಗದ ನೋಡಲಿ. ಇ-ಖಾತೆ ಇದೆಯೇ, ಯಾರ ಹೆಸರಲ್ಲಿದೆ, ಇಸಿಯಲ್ಲಿ ಹಳೆಯ ಅಡಮಾನ ಉಳಿದಿದೆಯೇ, ಯಾರ್ಯಾರ ಸಹಿ ಬೇಕು? ಆಮೇಲೆ ಒಂದು ಮಳೆಗೆ ತಾರಸಿ ನೋಡಲಿ. ಆಮೇಲೆ ನಲ್ಲಿ, ಚರಂಡಿ, ಕರೆಂಟು. ಬಣ್ಣದ ಡಬ್ಬಿ ಎಲ್ಲಕ್ಕಿಂತ ಕೊನೆಗೆ ಬರಲಿ. ಅದಕ್ಕೂ ಮುಂಚೆ ಒಂದು ಭಾನುವಾರ ಬಸ್ಸು ಹತ್ತಿ ಹರಿಹರಕ್ಕೋ ರಾಣೆಬೆನ್ನೂರಿಗೋ ಹೋಗಿ, ಅಕ್ಕತಂಗಿಯರ ಮನೆಯಲ್ಲಿ ಒಂದು ಲೋಟ ಚಹಾ ಕುಡಿದು, ಮನೆ ಮಾರುವ ವಿಚಾರ ಹೇಳಿ ಬರಲಿ. ಮಾರುವ ಮನೆಗೆ ಮಾಡಿಸುವ ಎಲ್ಲ ರಿಪೇರಿಗಳಲ್ಲಿ ಅತ್ಯಂತ ಅಗ್ಗದ್ದು ಅದೇ. ಬಸ್ ಚಾರ್ಜಿನಲ್ಲಿ ಮುಗಿಯುತ್ತದೆ.